ರಾಗಿ ಕಣದಲ್ಲಿ ಐಸ್ ಹಾಕಿ

ಹೊಸದಾಗಿ ಕೆಲಸಕ್ಕೆ ಸೇರಿದ ವಿಜ್ಞಾನದ ಮೇಷ್ಟ್ರುಗಳು ಈಗಲೂ ಆಗಾಗ ಹುಣಸೂರಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೈಗೆ ಬರುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ. "ಮೇಡಂ, ಪೋರ್ಷನ್ ಹೇಗೆ ಮುಗಿಸೋದು?" ನಾನು ಹೇಳುವುದೂ ಒಂದೇ. ಪೋರ್ಷನ್ ಎಲ್ಲಿಗೂ ಓಡಿಹೋಗುವುದಿಲ್ಲ, ಹೇಗೋ ಮುಗಿಯುತ್ತದೆ. ಅದಕ್ಕೆ ಮೊದಲೇ ಮಕ್ಕಳ ಪ್ರಶ್ನೆ ಮುಗಿದುಹೋಗದ ಹಾಗೆ ನೋಡಿಕೊಳ್ಳಿ. ಇಷ್ಟು ಹೇಳಿದರೆ ಪಾಪ, ಅವರ ಮುಖ ಸಪ್ಪಗಾಗುತ್ತದೆ. ನಿವೃತ್ತಿಯಾದವರಿಗೇನು, ಉಪದೇಶ ಸುಲಭ ಎಂದುಕೊಳ್ಳುತ್ತಾರೆ. ಆಗ ನಾನು ನಂಜೇಗೌಡರ ಮೀಸೆಯ ಕಥೆ ತೆಗೆಯುತ್ತೇನೆ. ಹೇಳಿ ಹೇಳಿ ಗಂಟಲು ಸವೆದಿದೆ. ಬರೆದಿಟ್ಟುಬಿಟ್ಟರೆ ಓದಿಕೊಳ್ಳಲಿ ಎಂದು ಈಗ ಕೂತಿದ್ದೇನೆ.

ನಾನು ಎಚ್.ಡಿ. ಕೋಟೆಯಲ್ಲಿ ಶುರುಮಾಡಿ, ಕೆ.ಆರ್. ನಗರದ ಕಡೆ ಇದ್ದು, ಕೊನೆಗೆ ಹುಣಸೂರು ತಾಲ್ಲೂಕಿಗೆ ಬಂದವಳು. ಯಾವಾಗ ಯಾವ ಬಡ್ತಿ ಸಿಕ್ಕಿತು ಅನ್ನುವುದನ್ನೆಲ್ಲ ಬರೆದರೆ ನನಗೇ ನಿದ್ದೆ ಬರುತ್ತದೆ, ಬೇಡ. ಎಡವಟ್ಟುಗಳನ್ನು ಹೇಳಿದರೆ ನಿಮಗೆ ಉಪಯೋಗ.

ಹೊಸ ಅಗ್ರಹಾರದ ಕಡೆ ಇದ್ದಾಗ ಒಂದು ದಿನ ತರಗತಿಯಲ್ಲಿ ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸಿದೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. "ನೀವೂ ಮಾಡಿ ನೋಡಿ" ಎಂದೆ. ಮಾಡಿ ನೋಡಿ ಎಂದರೆ ಒಬ್ಬೊಬ್ಬರು ಒಂದೊಂದು ಮೊಟ್ಟೆ ತರುತ್ತಾರೆ ಎಂದು ನನ್ನ ಎಣಿಕೆ. ಮಾರನೆಯ ದಿನ ಊರಿನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಶಾಲೆಯ ಗೇಟಿಗೆ ಬಂದರು. "ಕಾವಿಗೆ ಕೂರ್ಸಿದ್ ಮೊಟ್ಟೆ ಎಲ್ಲಾ ಎತ್ಕಂಡ್ ಬಂದವ್ರೆ ಮೇಡಮ್ಮ! ನಮ್ ಕೋಳಿ ಬರೀ ಬುಟ್ಟೀಲಿ ಕೂತದೆ!" ಅಂದಿನಿಂದ 'ಮಾಡಿ ನೋಡಿ' ಎನ್ನುವ ಮೊದಲು ಎಲ್ಲಿಂದ ತರಬೇಕು ಎಂದು ಹೇಳುವುದನ್ನು ಕಲಿತೆ. ಕೋಳಿಗೂ ನನಗೂ ಏನೋ ಋಣಾನುಬಂಧವಿದೆ. ಮುಂದೆ ಗೊತ್ತಾಗುತ್ತದೆ.

ನನ್ನ ಕೊನೆಯ ಶಾಲೆ ಗಾವಡಗೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ನಾನು ಶನಿವಾರದ ಕೊನೆಯ ಪೀರಿಯಡ್ಡನ್ನು ಪ್ರಶ್ನೆಗೆಂದೇ ಮೀಸಲಿಟ್ಟಿದ್ದೆ. ಯಾರು ಏನು ಬೇಕಾದರೂ ಕೇಳಬಹುದು. 'ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ' ಎಂದು ಮಾತ್ರ ಕೇಳಬಾರದು. ಉತ್ತರ ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಮುಂದಿನ ಶನಿವಾರ. ಹಲ್ಲಿ ಸೂರಿನಿಂದ ಯಾಕೆ ಬೀಳುವುದಿಲ್ಲ, ಮುದ್ದೆ ತಿರುವುವಾಗ ಹಿಟ್ಟು ಯಾಕೆ ಗಂಟಾಗುತ್ತದೆ, ಇಂಥವೇ. ನನ್ನ ಇಡೀ ವಾರಕ್ಕೆ ಉಪ್ಪು ಖಾರ ಎಂದರೆ ಆ ಒಂದು ಪೀರಿಯಡ್ಡು.

ನಮ್ಮ ಹೆಡ್ ಮಾಸ್ಟರ್ ರಾಜಶೇಖರಯ್ಯನವರಿಗೆ ಅದರ ಮೇಲೆ ಕಣ್ಣು. ಒಳ್ಳೆಯ ಮನುಷ್ಯ, ಆದರೆ ಹತ್ತನೇ ತರಗತಿಯ ರಿಸಲ್ಟು ಅವರ ತಲೆಯ ಮೇಲೆ ಕುಳಿತಿತ್ತು. "ಮೇಡಂ, ಆ ಪೀರಿಯಡ್ಡು ಕೊಡಿ, ರಿವಿಷನ್ ಮಾಡಿಸೋಣ" ಎಂದು ವಾರಕ್ಕೊಮ್ಮೆ ಕೇಳುವರು. ನಾನು ವಾರಕ್ಕೊಂದು ನೆಪ ಹೇಳುವೆ.

ಹೀಗಿರುವಾಗ ಒಂದು ಶನಿವಾರ ಚಂದ್ರಿಕಾ ಎದ್ದು ನಿಂತಳು. ಕಟ್ಟೆಮಳಲವಾಡಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗಿ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಒಂದು ಪ್ರಶ್ನೆ ಹಿಡಿದಳೆಂದರೆ ಉಡ ಹಿಡಿದ ಹಾಗೆ.

"ಮಿಸ್, ಅಮ್ಮನ ಫೋನಲ್ಲಿ ಒಂದು ಆಟ ನೋಡ್ದೆ. ಐಸ್ ಮೇಲೆ ಹಾಕಿ. ಚೆಂಡಿಲ್ಲ, ಕಪ್ಪು ಬಿಲ್ಲೆ ಅದೆ. ಅವ್ನು ಜೋರಾಗಿ ಬೀಸ್ದ. ಬಿಲ್ಲೆಗೆ ಹೊಡೀನಿಲ್ಲ ಮಿಸ್, ಮೊದ್ಲು ನೆಲಕ್ ಹೊಡೆದ. ಆದ್ರೂ ಬಿಲ್ಲೆ ಗುಂಡು ಹೋದಂಗ್ ಹೋಯ್ತು. ತಪ್ಪಿ ಹೊಡೆದ್ರೂ ಗೋಲ್ ಹೆಂಗಾಯ್ತು?"

ಮೊದಲಾಗಿದ್ದರೆ ಇಂಥ ಪ್ರಶ್ನೆಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕೈ ಸುಣ್ಣ ಮಾಡಿಕೊಳ್ಳಬೇಕಿತ್ತು. ಆ ಹೊತ್ತಿಗೆ ಸ್ಮಾರ್ಟ್ ಬೋರ್ಡ್ ಬಂದಿತ್ತಲ್ಲ, ವಿಡಿಯೋ ಹುಡುಕಿ ನಿಧಾನಗತಿಯಲ್ಲಿ ಹಾಕಿದೆ. ನಿಜ, ಹುಡುಗಿ ಸರಿಯಾಗಿ ನೋಡಿದ್ದಳು. ಕೋಲು ಬಿಲ್ಲೆಗಿಂತ ಒಂದು ಗೇಣು ಹಿಂದೆಯೇ ನೆಲಕ್ಕೆ ಬಡಿಯಿತು, ನಡುವೆ ಬಿಲ್ಲಿನಂತೆ ಬಗ್ಗಿತು, ಮರುಕ್ಷಣ ನೆಟ್ಟಗಾಗುತ್ತ ಬಿಲ್ಲೆಯನ್ನು ಚಿಮ್ಮಿಸಿತು. ಅಷ್ಟರಲ್ಲಿ ಕರೆಂಟು ಹೋಯಿತು. ಹೋಗಲಿ, ನೋಡಬೇಕಾದ್ದು ಆಗಿತ್ತು.

"ಅವನು ತಪ್ಪಿ ಹೊಡೆದಿಲ್ಲ ಚಂದ್ರಿಕಾ, ಬೇಕೆಂದೇ ಹೊಡೆದ. ನೆಲಕ್ಕೆ ಒತ್ತಿದಾಗ ಕೋಲು ಬಗ್ಗುತ್ತೆ. ಬಗ್ಗಿದ ಕೋಲಿನಲ್ಲಿ ಶಕ್ತಿ ಕೂಡಿಕೊಳ್ಳುತ್ತೆ, ಕ್ಯಾಟರ್‌ಬಿಲ್ಲಿನ ರಬ್ಬರ್ ಎಳೆದ ಹಾಗೆ. ಅದು ಬಿಟ್ಟುಕೊಳ್ಳುವಾಗ ತೋಳಿನ ವೇಗದ ಜೊತೆಗೆ ಕೋಲಿನ ವೇಗವೂ ಸೇರುತ್ತೆ" ಎಂದೆ.

ಕಿಟಕಿಯ ಆಚೆಯಿಂದ ದೊಡ್ಡದೊಂದು ನಗು ಕೇಳಿಸಿತು. ನಮ್ಮ ಪಿ.ಟಿ. ಮೇಷ್ಟ್ರು ನಂಜೇಗೌಡರು ಜಗಲಿಯ ಮೇಲೆ ನಿಂತಿದ್ದರು. ಪಿರಿಯಾಪಟ್ಟಣದ ಕಡೆಯವರು, ಪ್ರಾಯದಲ್ಲಿ ಕೊಡಗಿನವರ ಜೊತೆ ಹಾಕಿ ಆಡಿ ಪಳಗಿದವರು. ಅವರ ಮೀಸೆಯ ಎರಡು ತುದಿಯಲ್ಲೂ ನಿಂಬೆಹಣ್ಣು ನಿಲ್ಲಿಸಬಹುದು ಎಂದು ಊರಲ್ಲಿ ಹೇಳುವರು. ತಿರುಪತಿಯಲ್ಲಿ ಮುಡಿ ಕೊಟ್ಟಾಗಲೂ ಮೀಸೆಯನ್ನು ಉಳಿಸಿಕೊಂಡು ಬಂದ ಮಹಾನುಭಾವ.

"ಏನ್ ಮೇಡಮ್ಮೋರೆ, ಮಕ್ಕಳಿಗೆ ಇಂಥಾ ಬುರುಡೆ ಬುಡ್ತೀರಿ? ನೆಲಕ್ ಹೊಡೆದ್ರೆ ಏಟು ನೆಲ ತಿಂತದೆ. ಹುಟ್ಟಿದಾಗ್ಲಿಂದ ನಾನು ಹೇಳ್ಕೊಡ್ತಿರೋದೇ ಅದು, ನೆಲಕ್ ಹೊಡೀಬೇಡ್ರಲಾ ಅಂತ!"

"ನಿಮ್ಮ ಕೋಲು ಬೇರೆ, ಅವರ ಕೋಲು ಬೇರೆ ಗೌಡ್ರೇ."

"ಕೋಲು ಯಾವುದಾದ್ರೂ ಏಟು ಏಟೇ. ನೆಲಕ್ ಹೊಡೆದು ಬಿಲ್ಲೆ ಜಾಸ್ತಿ ದೂರ ಹೋದ್ರೆ ಈ ಮೀಸೆ ತೆಗೆಸ್ಬುಡ್ತೀನಿ!"

ತರಗತಿ 'ಹೋ' ಎಂದಿತು. ಗದ್ದಲ ಕೇಳಿ ಹೆಡ್ ಮಾಸ್ಟರೂ ಬಂದರು. ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ನಮ್ಮೂರಲ್ಲಿ ಐಸ್ ಇರೋದು ಮೀನಂಗಡೀಲಿ ಮಾತ್ರ. ಇಲ್ಲಿ ಐಸ್ ಹಾಕಿ! ರಿಸಲ್ಟ್ ಗತಿಯೇನು ಮೇಡಂ?" ಎಂದವರು, ಸಮಯ ನೋಡಿ ಗಾಳ ಹಾಕಿದರು. "ಸರಿ, ಮಾಡಿ ತೋರಿಸಿ. ಗೌಡ್ರು ಸೋತರೆ ಮೀಸೆ. ನೀವು ಸೋತರೆ ಶನಿವಾರದ ಪೀರಿಯಡ್ಡು ನನಗೆ."

ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು. ಹಿಂದೆ ಸರಿದರೆ ಆ ಪೀರಿಯಡ್ಡು ಇದ್ದೂ ಸತ್ತಹಾಗೆ. "ಆಗಲಿ ಸರ್" ಎಂದುಬಿಟ್ಟೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ.

ಐಸ್ ಎಲ್ಲಿಂದ ತರುವುದು? ಸಿಮೆಂಟ್ ಜಗಲಿಯ ಮೇಲೆ ಬಿಲ್ಲೆ ಜಾರುವುದಿಲ್ಲ, ಕೆರೆಯುತ್ತದೆ. ಜಾರಬೇಕು, ತಡೆ ಕಡಿಮೆ ಇರಬೇಕು. ಶಾಲೆಯ ಪಕ್ಕದಲ್ಲೇ ಕಾಳಮ್ಮ ಎನ್ನುವ ಅಜ್ಜಿಯ ಹೊಲವಿತ್ತು. ಊರವರೆಲ್ಲ ರಾಗಿ ಹುಲ್ಲನ್ನು ಟಾರು ರಸ್ತೆಗೆ ಹರಡಿ, ಬಸ್ಸು ಲಾರಿ ಓಡಿಸಿ ಕಾಳು ಉದುರಿಸಿಕೊಳ್ಳುವ ಈ ಕಾಲದಲ್ಲೂ ಕಾಳಮ್ಮ ಪ್ರತಿ ಸುಗ್ಗಿಗೆ ಕಣ ಮಾಡುವವಳು. ನೆಲ ಕೆತ್ತಿ, ನೀರು ಹಾಕಿ, ಬಡಿದು, ಸಗಣಿ ಬಗ್ಗಡದಲ್ಲಿ ಸಾರಿಸಿದ ಆ ಕಣ ಕನ್ನಡಿಯಂತೆ ನುಣುಪು. ಅದರ ಮೇಲೆ ಉದುರಿದ ರಾಗಿಕಾಳಿನ ಮೇಲೆ ಕಾಲಿಟ್ಟು ನಾನೇ ಒಮ್ಮೆ ಜಾರಿ ಕೂತಿದ್ದೆ. ಸೈಕಲ್ ಚಕ್ರದೊಳಗಿನ ಬೇರಿಂಗ್ ಗುಂಡುಗಳ ಮೇಲೆ ನಿಂತ ಹಾಗೆ ಆಗಿತ್ತು. ಅದು ನೆನಪಾದ ಕೂಡಲೇ ಕಾಳಮ್ಮನ ಬಳಿ ಓಡಿದೆ.

ಕಾಳಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. "ರಾಗಿ ಮೇಲೆ ಆಟ ಆಡ್ತೀರಾ? ತಿನ್ನೋ ಅನ್ನ ಕಣವ್ವ ಅದು. ಆಗಾಕಿಲ್ಲ."

ನನ್ನ ಮುಖ ಸಣ್ಣದಾಗಿದ್ದು ನೋಡಿ ಅವಳಿಗೇ ಕರುಣೆ ಬಂತೋ ಏನೋ. "ಕಣದ ಅಡಿ ಗುಡಿಸಿದ್ದು ಒಂದು ಪುಟ್ಟಿ ಅದೆ. ಮಣ್ಣು ಕಲ್ಲು ಕಲ್ತಿರೋದು, ಕೋಳಿಗೆ ಅಂತ ಮಡಗಿವ್ನಿ. ಅದನ್ ಬೇಕಾರೆ ಹರಡ್ಕಳಿ. ಆಟ ಆದ್ಮೇಲೆ ಒಂದು ಕಾಳು ಬುಡ್ದಂಗೆ ಗುಡಿಸ್ಕೊಡ್ಬೇಕು. ಕಣದೊಳಕ್ಕೆ ಯಾರೂ ಮೆಟ್ಟು ಮೆಟ್ಕಂಡ್ ಬರಂಗಿಲ್ಲ, ನಿಮ್ ಹೆಡ್ ಮಾಸ್ಟ್ರೂ ಸೈತ!"

ಬಿಲ್ಲೆಯನ್ನು ಪಂಕ್ಚರ್ ಅಂಗಡಿಯವನು ಹಳೆಯ ಟ್ರ್ಯಾಕ್ಟರ್ ಟೈರಿನಿಂದ ದುಂಡಗೆ ಕತ್ತರಿಸಿಕೊಟ್ಟ. ಕೋಲಿಗೆ ನಂಜೇಗೌಡರೇ ತಮ್ಮ ಹಳೆಯ ಹಾಕಿ ಸ್ಟಿಕ್ಕನ್ನು ಉದಾರವಾಗಿ ಕೊಟ್ಟರು. ಸೋಲುವವರಿಗೆ ಸಹಾಯ ಮಾಡುವುದರಲ್ಲಿ ಅವರು ಎತ್ತಿದ ಕೈ.

ಮೊದಲ ಪ್ರಯೋಗದ ದಿನವನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅಂದು ಮಾತ್ರ ನಗು ಬರಲಿಲ್ಲ. ರಾಗಿ ಹರಡಿ, ಬಿಲ್ಲೆ ಇಟ್ಟು, ಸುಣ್ಣದ ಗೆರೆ ಎಳೆಯುವಷ್ಟರಲ್ಲಿ ಕಾಳಮ್ಮನ ಕೋಳಿಗಳು ಬಂದು ನಮ್ಮ ಐಸನ್ನು ತಿನ್ನತೊಡಗಿದವು. ತಮ್ಮ ಪಾಲಿನ ರಾಗಿ ಎಂದು ಅವಕ್ಕೆ ಹೇಗೆ ಗೊತ್ತಾಯಿತೋ! ಅವನ್ನು ಓಡಿಸಲು ಹೋದ ಹೆಡ್ ಮಾಸ್ಟರು ಬರಿಗಾಲಲ್ಲಿ ಕಾಳಿನ ಮೇಲೆ ಜಾರಿ, ಕೂತ ಭಂಗಿಯಲ್ಲೇ ಕಣದ ಅಂಚಿನವರೆಗೂ ಹೋದರು. "ನೋಡಿದ್ರಾ ಸರ್, ಎಷ್ಟು ಕಡಿಮೆ ಘರ್ಷಣೆ!" ಎಂದೆ.

ಕೋಳಿ ಹೋದ ಮೇಲೆ ದೊಡ್ಡ ಹುಡುಗನೊಬ್ಬ ನೆಲಕ್ಕೆ ಬಡಿದು ಹೊಡೆದ. 'ಠಣ್' ಎಂದಿತು. ಕೋಲು ಕೂದಲೆಳೆಯಷ್ಟೂ ಬಗ್ಗಲಿಲ್ಲ. ಹುಡುಗನ ಕೈ ಜುಮ್ಮೆಂದು ಸ್ಟಿಕ್ಕು ಕೆಳಗೆ ಬಿತ್ತು. ಬಿಲ್ಲೆ ಚೆಂಡಿನ ಹಾಗೆ ಪುಟಿದು ಪಕ್ಕಕ್ಕೆ ಉರುಳಿಹೋಯಿತು. ನಂಜೇಗೌಡರು ಮೀಸೆ ತಿರುವುತ್ತ "ಏಟು ನೆಲ ತಿಂತು ಮೇಡಮ್ಮೋರೆ" ಎಂದರು. ಹೆಡ್ ಮಾಸ್ಟರು ಪಂಚೆಯ ಧೂಳು ಕೊಡವುತ್ತ "ಮುಂದಿನ ಶನಿವಾರ ಕೊನೇ ಅವಕಾಶ" ಎಂದರು.

ಸಂಜೆ ಸ್ಟಾಫ್ ರೂಮಿನಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಎಂಥ ಪೆದ್ದು ನಾನು! ಕೋಲು ಬಗ್ಗುತ್ತದೆ, ಅದೇ ಗುಟ್ಟು ಎಂದು ಪಾಠ ಹೇಳಿ, ಬಗ್ಗದ ಕೋಲನ್ನು ಹಿಡಿದು ಹೋಗಿದ್ದೆನಲ್ಲ! ಮರದ ಹಾಕಿ ಸ್ಟಿಕ್ಕಿಗೆ ಬಗ್ಗುವುದೇ ಗೊತ್ತಿಲ್ಲ. ನಂಜೇಗೌಡರು ಜೀವಮಾನವಿಡೀ ಹೇಳಿಕೊಟ್ಟದ್ದು ಅವರ ಕೋಲಿಗೆ ನೂರಕ್ಕೆ ನೂರು ಸರಿಯಾಗಿಯೇ ಇತ್ತು.

ಸೋಮವಾರ ತರಗತಿಯಲ್ಲಿ ಇದನ್ನೇ ಹೇಳಿದೆ. ಬಗ್ಗಬೇಕು, ಮುರಿಯಬಾರದು, ತಕ್ಷಣ ನೆಟ್ಟಗಾಗಬೇಕು, ಅಂಥ ಕೋಲು ಯಾರ ಮನೆಯಲ್ಲಿದೆ? ಚಂದ್ರಿಕಾ ಕೈಯೆತ್ತಿದಳು. "ಮಿಸ್, ಬ್ಯಾರನ್ನಲ್ಲಿ ಹೊಗೆಸೊಪ್ಪು ಕಟ್ಟಿ ನೇತಾಕೋ ಬಿದಿರು ಕಡ್ಡಿ? ಹಸೀ ಸೊಪ್ಪಿನ ಭಾರಕ್ಕೆ ಬಗ್ತವೆ. ಬೆಂದ್ಮೇಲೆ ಸೊಪ್ಪು ಬಿಚ್ಚುದ್ರೆ ನೆಟ್ಗಾಯ್ತವೆ." ಉದ್ದವೂ ಸರಿಯಾಗಿ ಆಳಿನ ಎದೆಯ ಮಟ್ಟ! ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ ಮನೆಯಲ್ಲಿ ವರ್ಷವರ್ಷವೂ ಒಲೆಯ ಕಾವಿನಲ್ಲಿ ಒಣಗಿ ಪಳಗಿದ ಬಿದಿರು. ಅವಳಪ್ಪ ಗಟ್ಟಿಯಾದ ಒಂದು ಕಡ್ಡಿ ಆರಿಸಿ, ತುದಿಗೆ ಹಲಗೆಯ ತುಂಡನ್ನು ಬೋಲ್ಟು ಹಾಕಿ ಬಿಗಿದು ಕಳಿಸಿಕೊಟ್ಟರು.

ಬಿಲ್ಲೆ ಪುಟಿಯುವುದಕ್ಕೂ ಮದ್ದು ಸಿಕ್ಕಿತು. ಆ ಆಟದಲ್ಲಿ ಬಿಲ್ಲೆಯನ್ನು ಮೊದಲೇ ಹೆಪ್ಪುಗಟ್ಟಿಸಿಡುತ್ತಾರೆ, ತಣ್ಣಗಾದ ರಬ್ಬರು ಗಡುಸಾಗಿ ಪುಟಿತ ಕಡಿಮೆಯಾಗುತ್ತದೆ. ನಮ್ಮ ಬಿಲ್ಲೆ ಮೀನಂಗಡಿಯ ಐಸ್ ಪೆಟ್ಟಿಗೆಯಲ್ಲಿ ಜಿಲೇಬಿ ಮೀನುಗಳ ನಡುವೆ ಮಲಗಿ ಬಂತು. ಹೆಡ್ ಮಾಸ್ಟರು ಅಂದು ಮೂಗಿಗೆ ಕರ್ಚೀಫು ಹಿಡಿದೇ ಅಂಪೈರ್ ಕೆಲಸ ಮಾಡಿದರು.

ಆ ಶನಿವಾರ ಕಣದ ಸುತ್ತ ಅರ್ಧ ಊರೇ ನೆರೆದಿತ್ತು. ಕೋಳಿಗಳನ್ನು ಬುಟ್ಟಿ ಕವುಚಿ ಮುಚ್ಚಿದ್ದಾಯಿತು. ಎಲ್ಲರ ಮೆಟ್ಟುಗಳೂ ಬದುವಿನ ಮೇಲೆ. ಯಾರು ಹೊಡೆಯಬೇಕು ಎನ್ನುವ ಮಾತು ಬಂತು. ನೇರ ಏಟು ಗೌಡರದು, ನೆಲದ ಏಟು ದೊಡ್ಡ ಹುಡುಗನದು ಎಂದು ಹೆಡ್ ಮಾಸ್ಟರು ಹೇಳಿದರು.

ಚಂದ್ರಿಕಾ ಬಿಡಲಿಲ್ಲ. "ಹೊಡಿಯೋರೇ ಬೇರೆ ಆದ್ರೆ ಹೆಂಗ್ ಸಾರ್ ಗೊತ್ತಾಗೋದು? ತೋಳಿಂದಾ ಕೋಲಿಂದಾ ಅಂತ? ಎರಡೂ ಒಬ್ರೇ ಹೊಡೀಬೇಕು, ಅದೇ ಕೋಲಲ್ಲಿ."

ನಾನು ವರ್ಷಗಟ್ಟಲೆ ಕಲಿಸಿದ್ದು ಅದನ್ನೇ. ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇರಬೇಕು. ಆದರೆ ಅಷ್ಟು ಬಲವಾಗಿ, ಅಷ್ಟು ನೇರವಾಗಿ ಹೊಡೆಯುವ ಕೈ ಆ ಊರಿನಲ್ಲಿ ಒಂದೇ ಒಂದು ಇತ್ತು. ಅದು ನಂಜೇಗೌಡರದು! ನನ್ನ ಶನಿವಾರ ಉಳಿಯಬೇಕಾದರೆ ಗೌಡರು ತಮ್ಮ ಮೀಸೆಯ ವಿರುದ್ಧ ತಾವೇ ಮನಸಾರೆ ಹೊಡೆಯಬೇಕಿತ್ತು. ಸ್ವಲ್ಪ ಕೈ ಸಡಿಲ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮುಗಿಯಿತು ಕಥೆ ಎಂದುಕೊಂಡೆ.

ಗೌಡರು ಪಂಚೆ ಎತ್ತಿ ಕಟ್ಟಿ ನಿಂತರು. ಮೊದಲು ನೇರ ಏಟು. ಬಿಲ್ಲೆ ರಾಗಿಯ ಮೇಲೆ ಸುಯ್ಯೆಂದು ಜಾರಿ ಕಣದ ಮುಕ್ಕಾಲು ಭಾಗ ದಾಟಿ ನಿಂತಿತು. ಮತ್ತೆ ಹೊಡೆದರೂ ಹೆಚ್ಚುಕಡಿಮೆ ಅಲ್ಲಿಗೇ. ಜನ ಚಪ್ಪಾಳೆ ತಟ್ಟಿದರು. ಹುಡುಗರು ಅಲ್ಲಿ ಸುಣ್ಣದ ಗೆರೆ ಎಳೆದರು.

ಆಮೇಲೆ ನೆಲದ ಏಟು. ಗೌಡರು ಬೀಸಿದರು. ಕೋಲು ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಅವರ ಮಣಿಕಟ್ಟು ತಾನಾಗಿ ಮೇಲೆದ್ದುಬಿಟ್ಟಿತು. ಬಿಲ್ಲೆ ಅರ್ಧಕ್ಕೇ ನಿಂತಿತು. ಮತ್ತೊಮ್ಮೆ ಬೀಸಿದರು, ಮತ್ತೆ ಹಾಗೇ. ಗುಂಪಿನಿಂದ ಯಾರೋ ಕೂಗಿದರು. "ಮೀಸೆ ಉಳಿಸ್ಕಳಕ್ಕೆ ನೋಡ್ತಾವ್ರೆ ಕಣ್ರಲಾ!" ಎಲ್ಲರೂ ಗೊಳ್ಳೆಂದರು.

ಗೌಡರ ಮುಖ ಕೆಂಪಾಯಿತು. ಕೋಲನ್ನು ಕೆಳಗಿಟ್ಟು ಸೀದಾ ನನ್ನ ಬಳಿ ಬಂದರು. ಜಗಳಕ್ಕೇ ಬಂದರು ಎಂದುಕೊಂಡೆ.

"ಮೇಡಮ್ಮೋರೆ, ನಾ ಬೇಕಂತ ಮಾಡ್ತಿಲ್ಲ. ನೆಲ ಅಂದ್ರೆ ಕೈ ಎದ್ದೇಳ್ತದೆ, ಅಭ್ಯಾಸ. ಎಷ್ಟು ಹಿಂದ್ಕೆ ಮುಟ್ಸಬೇಕು, ಸರ್ಯಾಗಿ ತೋರ್ಸಿ."

ನಾನು ಬಗ್ಗಿ ಬಿಲ್ಲೆಯಿಂದ ಒಂದು ಗೇಣು ಅಳೆದು ಅಲ್ಲೊಂದು ಸುಣ್ಣದ ಬೊಟ್ಟು ಇಟ್ಟೆ. "ಇಲ್ಲಿ ಒತ್ತಿ ಗೌಡ್ರೇ. ಬಿಲ್ಲೆ ಮರೆತುಬಿಡಿ, ನೆಲವನ್ನೇ ಹೊಡೀರಿ. ಉಳಿದದ್ದು ಕೋಲು ನೋಡಿಕೊಳ್ಳುತ್ತೆ."

ಅವರು ಕಾಳಮ್ಮನ ಕಡೆ ತಿರುಗಿದರು. "ಅವ್ವಾ, ಜೋರಾಗ್ ಹೊಡೆದ್ರೆ ನಿನ್ ಕಣ ಕಿತ್ಕಂಡ್ ಬತ್ತದೆ. ಹೊಡೀಲಾ?"

"ಹೊಡಿ ಮಗ" ಎಂದಳು ಕಾಳಮ್ಮ. "ಕಣ ಮತ್ತೆ ಸಾರಿಸ್ಬೋದು. ಮೀಸೆ ಮತ್ತೆ ಬೆಳೀತದೆ. ಆಡಿದ್ ಮಾತು ಹೋದ್ರೆ ಬತ್ತದಾ?"

ಗೌಡರು ಬೊಟ್ಟಿನ ಮೇಲೇ ಕಣ್ಣಿಟ್ಟು ನಿಂತರು. ಬೀಸಿದರು. ಹಲಗೆ ಸುಣ್ಣದ ಬೊಟ್ಟಿನ ಮೇಲೆ ಬಡಿಯಿತು, ಬಿದಿರು ಎಲ್ಲರ ಕಣ್ಣಿಗೂ ಕಾಣುವಷ್ಟು ಬಗ್ಗಿತು, 'ಛಟೀರ್' ಎಂದಿತು. ಬಿಲ್ಲೆ ಸುಣ್ಣದ ಗೆರೆಯನ್ನು ನೋಡಲೇ ಇಲ್ಲ. ಕಣ ದಾಟಿ, ಅಂಚಿನ ಏರಿ ಹಾರಿ, ಹುಲ್ಲಿನ ಮೆದೆಯೊಳಗೆ ಹೊಕ್ಕಿತು!

ಮೊದಲು ಕಿರುಚಿದವರು ಯಾರು ಅಂದುಕೊಂಡಿರಿ? ನಂಜೇಗೌಡರೇ! "ಹೋಯ್ತು! ಹೋಯ್ತು ನೋಡ್ರಲಾ! ಅಯ್ಯಯ್ಯೋ, ಏನ್ ಏಟ್ಲಾ ಅದು!" ಎಂದು ಕೋಲೆತ್ತಿಕೊಂಡು ಕಣದ ತುಂಬ ಕುಣಿದರು. ಹುಡುಗರು ಅವರ ಹಿಂದೆ ಕುಣಿದರು. ಬುಟ್ಟಿಯೊಳಗೆ ಕೋಳಿಗಳು ಕೂಗಿದವು. ಕುಣಿಯುತ್ತ ಕುಣಿಯುತ್ತ ಗೌಡರ ಕೈ ತಾನಾಗಿ ಮೀಸೆಗೆ ಹೋಯಿತು, ಅಲ್ಲೇ ನಿಂತಿತು. ಆಗ ನೆನಪಾಯಿತು ಅವರಿಗೆ.

"ಒಂದ್ಸಲ ಹೋದ್ರೆ ಲೆಕ್ಕಕ್ಕಿಲ್ಲ ಸಾರ್" ಎಂದಳು ನಮ್ಮ ಉಡ. "ಇನ್ನೊಂದ್ಸಲ ಹೊಡೀರಿ."

ತಪ್ಪಿಸಿಕೊಳ್ಳಲು ದೇವರೇ ಕೊಟ್ಟ ಅವಕಾಶ ಅದು. ಗೌಡರು ಮೆದೆಯಿಂದ ಬಿಲ್ಲೆ ತರಿಸಿ ಮತ್ತೆ ಹೊಡೆದರು, ಇನ್ನೂ ಜೋರಾಗಿ. ಮತ್ತೆ ಮೆದೆಗೇ ಹೋಯಿತು. ಮೂಗಿನ ಕರ್ಚೀಫು ಕೆಳಗೆ ಬಿದ್ದದ್ದೂ ತಿಳಿಯದೆ ನಿಂತಿದ್ದ ಹೆಡ್ ಮಾಸ್ಟರು "ಶನಿವಾರ ನಿಮ್ಮದೇ ಇಟ್ಕೊಳ್ಳಿ ಮೇಡಂ" ಎಂದರು. ಅಷ್ಟೇ ಅಲ್ಲ, "ನಾನೂ ಒಂದು ಹೊಡೀಲಾ?" ಎಂದು ಕೋಲಿಗೆ ಕೈ ಚಾಚಿದರು. ಅವರು ಹೇಗೆ ಹೊಡೆದರು ಎಂದು ಹೇಳಬಾರದು, ಮೇಲಧಿಕಾರಿಗಳು.

ಸಂಜೆಯವರೆಗೂ ನಾವೆಲ್ಲ ಬಗ್ಗಿ ಕಾಳು ಬಿಡದಂತೆ ಗುಡಿಸಿ, ಕಿತ್ತುಬಂದ ಕಡೆ ಸಗಣಿ ಸಾರಿಸಿ ಕೊಟ್ಟೆವು. ಮೀಸೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲೇ ಇಲ್ಲ. ಅಂಥ ಏಟು ಹೊಡೆದವನನ್ನು ಸೋತವನು ಎನ್ನಲು ನನಗೆ ಬಾಯಿ ಬರಲಿಲ್ಲ.

ಸೋಮವಾರ ಬೆಳಗಿನ ಪ್ರಾರ್ಥನೆಗೆ ಮಕ್ಕಳು ನಿಂತಿದ್ದರು. ಯಾರೋ ಅಪರಿಚಿತರು ಗೇಟಿನಿಂದ ಬಂದರು. ಇನ್ಸ್‌ಪೆಕ್ಷನ್ ಎಂದುಕೊಂಡು ಹೆಡ್ ಮಾಸ್ಟರು ಅಂಗಿಯ ಗುಂಡಿ ಹಾಕಿಕೊಂಡರು. ಬಂದವರು ಸೀಟಿ ಊದಿದಾಗಲೇ ಗೊತ್ತಾಗಿದ್ದು, ನಂಜೇಗೌಡರು! ಮೂಗಿನ ಕೆಳಗೆ ಬೋಳು ಬಯಲು. ಇಡೀ ಮುಖವೇ ಹುಡುಗನ ಮುಖವಾಗಿತ್ತು. ಯಾರಾದರೂ ಕಿಸಕ್ಕೆಂದಾರು ಎಂದು ಹೆದರಿದೆ. ಒಂದು ಮಗುವೂ ನಗಲಿಲ್ಲ.

ಗೌಡರು ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. "ನೋಡ್ರಲಾ, ಇಷ್ಟ್ ವರ್ಷ ನಾನು, ಯಾವ್ ಕೋಲಾದ್ರೂ ನೆಲಕ್ ಹೊಡೆದ್ರೆ ಏಟು ದಂಡ ಅಂತಿದ್ದೆ. ಅದು ತಪ್ಪು. ಬಗ್ಗೋ ಕೋಲಿಗೆ ಮೇಡಮ್ಮೋರು ಹೇಳಿದ್ದೇ ಸರಿ. ನಾನೇ ಹೊಡೆದು ನೋಡಿವ್ನಿ."

ಅಷ್ಟೂ ದಿನ ಅವರನ್ನು ಗೋಳು ಹೊಯ್ದುಕೊಳ್ಳಲು ಒಂದು ರಾಶಿ ಮಾತು ಕೂಡಿಟ್ಟುಕೊಂಡಿದ್ದೆ. ಎಲ್ಲವನ್ನೂ ಅಲ್ಲೇ ಬಿಟ್ಟುಬಿಟ್ಟೆ. ಕಣ್ಣು ತುಂಬಿ ಬಂತು, ಸಂತೋಷಕ್ಕೆ. ಅಷ್ಟು ಮಕ್ಕಳ ಮುಂದೆ ನಿಂತು 'ಅದು ತಪ್ಪು' ಎಂದ ದೊಡ್ಡವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಹೊಸ ಮೇಷ್ಟ್ರುಗಳೇ, ಪ್ರಯೋಗಕ್ಕೆ ಬೇಕಾದ್ದು ಏನೆಂದು ನನ್ನನ್ನು ಕೇಳುತ್ತೀರಲ್ಲ, ಮೊದಲು ಬೇಕಾದ್ದು ಇಂಥವರೊಬ್ಬರು.

ಸಾಲಿನ ಮಧ್ಯದಿಂದ ಒಂದು ಕೈ ಮೇಲೆದ್ದಿತು. ಮತ್ಯಾರದು?

"ಸಾರ್, ಹಂಗಾರೆ ಇನ್ನೂ ಸಣ್ಣ ಕಡ್ಡಿ, ಇನ್ನೂ ಜಾಸ್ತಿ ಬಗ್ಗೋದು ತಂದ್ರೆ ಬಿಲ್ಲೆ ಇನ್ನೂ ದೂರ ಹೋಯ್ತದಾ?"

ಗೌಡರು ನನ್ನ ಕಡೆ ನೋಡಿದರು. ಉತ್ತರ ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದುಕೊಂಡೆ. ಅವರ ಕೈ ಮೀಸೆ ತಿರುವಲು ಮೇಲೆ ಹೋಯಿತು, ಅಲ್ಲಿ ಏನೂ ಸಿಗದೆ ಮೂಗು ಸವರಿಕೊಂಡು ಕೆಳಗಿಳಿಯಿತು. ಅವರು ನಕ್ಕುಬಿಟ್ಟರು.

"ನಂಗೊತ್ತಿಲ್ಲ ಕಣವ್ವ" ಎಂದರು. "ಕಡ್ಡಿ ತಕಂಡ್ ಬಾ. ಶನಿವಾರ ಹೊಡೆದೇ ನೋಡಮ."